ಪರದೆ ಮಾಮನ ಹನ್ನೊಂದು ಗಿಡಗಳು

ಸಂಶೋಧನಾ ಕೇಂದ್ರದ ಹಿಂಬದಿಯ ಗಾಜಿನ ಮನೆಯನ್ನು ಇಪ್ಪತ್ತಾರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರನ್ನು ಅಲ್ಲಿ ಎಲ್ಲರೂ ಪರದೆ ಮಾಮ ಎಂದೇ ಕರೆಯುತ್ತಿದ್ದರು. ಗಾಜಿನ ಚಾವಣಿಯ ಕೆಳಗೆ ಉದ್ದಕ್ಕೂ ಒಂದು ಬೂದುಬಣ್ಣದ ಬಟ್ಟೆ. ಗೋಡೆಗೆ ಬಡಿದ ಕಬ್ಬಿಣದ ಹಿಡಿಯನ್ನು ತಿರುಗಿಸಿದರೆ ಹಗ್ಗ ಸುತ್ತಿಕೊಂಡು ಆ ಬಟ್ಟೆ ಮುಚ್ಚುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ತೆರೆಯುತ್ತಿತ್ತು. ನಡುವೆ ಒಮ್ಮೆ ಮೋಟಾರು ತಂದು ಕೂರಿಸಿದ್ದರು. ಅದು ವರ್ಷ ತುಂಬುವುದರೊಳಗೆ ಸುಟ್ಟುಹೋಯಿತು. ಮಾಮ ಹಳೆಯ ಹಗ್ಗವನ್ನು ಮತ್ತೆ ಕಟ್ಟಿದರು. ಅಂದಿನಿಂದ ಬೆಳಕು ಒಳಗೆ ಬರುವುದು ಬಿಡುವುದು ಅವರ ತೋಳಿನ ಕೆಲಸ.

ಅವರು ಗಡಿಯಾರ ನೋಡುತ್ತಿರಲಿಲ್ಲ. ತಲೆಯೆತ್ತಿ ಒಮ್ಮೆ ಚಾವಣಿ ನೋಡುವುದು, ಗಿಡಗಳ ಮೇಲೆ ಒಮ್ಮೆ ಕೈ ಚಾಚುವುದು, ಆಮೇಲೆ ಹಿಡಿ ತಿರುಗಿಸುವುದು. ಮಾಡಿದ್ದನ್ನು ಮಾತ್ರ ಬಾಗಿಲ ಬಳಿ ತೂಗುಹಾಕಿದ ದಪ್ಪ ಪುಸ್ತಕದಲ್ಲಿ ಗಂಟೆ ಸಮೇತ ಬರೆದಿಡುತ್ತಿದ್ದರು.

ಐದು ವರ್ಷದ ಹಿಂದೆ ಆ ಕೇಂದ್ರಕ್ಕೆ ಒಬ್ಬ ಸಂಶೋಧಕಿ ಬಂದಳು. ಆಗ ಅವಳಿಗೆ ಮೂವತ್ತು ತುಂಬಿರಲಿಲ್ಲ. ಎಲ್ಲರೂ ಮೇಡಂ ಎನ್ನುವಾಗ ಮಾಮ ಮಾತ್ರ ಮೇಡಮ್ಮ ಎಂದರು. 'ಬರೀ ಮೇಡಂ ಅಂದ್ರೆ ಯಾರನ್ನೋ ಕರೆದ ಹಾಗಿರುತ್ತೆ' ಎಂಬುದು ಅವರ ಸಮಜಾಯಿಷಿ. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ ಕೊನೆಗೆ ಕಚೇರಿಯ ಗುಮಾಸ್ತರೂ ಅವಳನ್ನು ಹಾಗೇ ಕರೆಯತೊಡಗಿದರು.

ಮೇಡಮ್ಮನ ವಿಷಯ ಎಲೆ ಮತ್ತು ಬಿಸಿಲು. ಮೊದಲ ವಾರವೇ ಮಾಮ ಕುಂಡಗಳಿಗೆ ಮಣ್ಣು ತುಂಬುತ್ತ ಕೇಳಿದ್ದರು.

"ಗಿಡಕ್ಕೆ ಬೆಳಕು ಬೇಕು ಅಂತ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಹಾಗಿದ್ರೆ ನಾನ್ಯಾಕೆ ದಿನಾ ಪರದೆ ಎಳಿಬೇಕು ಅಂತ ನಮ್ಮನೆಯವಳು ಕೇಳ್ತಾಳೆ. ಏನ್ ಹೇಳ್ಲಿ?"

"ಬೆಳಕು ಬೇಕು ಮಾಮ. ಆದ್ರೆ ಮಧ್ಯಾಹ್ನದ ಬಿಸಿಲಲ್ಲಿ ಬೀಳೋದ್ರಲ್ಲಿ ಎಲೆ ಬಳಸಿಕೊಳ್ಳೋದು ಸ್ವಲ್ಪವೇ. ಉಳಿದದ್ದು ಒಳಗೇ ನಿಂತ್ರೆ ವಿಷ ಆಗುತ್ತೆ. ಅಡುಗೆ ಮಾಡೋ ಒಲೆಯಿಂದಲೇ ಮನೆಗೆ ಬೆಂಕಿ ಹತ್ಕೊಂಡ ಹಾಗೆ."

"ಹೊರಗಿರೋ ಗಿಡಗಳು ಚೆನ್ನಾಗೇ ಇವೆಯಲ್ಲ. ಅವಕ್ಕೆ ಯಾರು ಪರದೆ ಎಳಿತಾರೆ?"

"ಅವೇ ಎಳ್ಕೊಳ್ತವೆ" ಎಂದು ಅವಳು ನಕ್ಕಳು. ಆಮೇಲೆ ಬಿಡಿಸಿ ಹೇಳಿದಳು. ಬಿಸಿಲು ಏರಿದ ಕೆಲವೇ ನಿಮಿಷದಲ್ಲಿ ಎಲೆಯೊಳಗಿನ ಒಂದು ಹಳದಿ ಬಣ್ಣ ತನ್ನ ರೂಪ ಬದಲಾಯಿಸುತ್ತದೆ. ಆಗ ಹೆಚ್ಚಾದ ಬೆಳಕೆಲ್ಲ ಬರೀ ಶಾಖವಾಗಿ ಹೊರಗೆ ಹೋಗುತ್ತದೆ. ಮೋಡ ಬಂದರೆ ಆ ಬಣ್ಣ ಮೊದಲಿನಂತಾಗುತ್ತದೆ. ಎಲೆಯ ಕೋಶಗಳಲ್ಲಿರುವ ಹಸಿರು ಕಣಗಳು ಸಹ ಸುಮ್ಮನಿರುವುದಿಲ್ಲ. ಬಿಸಿಲಿಗೆ ಎದುರಾಗಿ ಹರಡಿಕೊಂಡಿದ್ದವು ಪಕ್ಕದ ಗೋಡೆಗೆ ಸರಿದು, ಅಡ್ಡ ತಿರುಗಿ, ಒಂದರ ನೆರಳಲ್ಲಿ ಇನ್ನೊಂದು ನಿಲ್ಲುತ್ತವೆ. ಇಷ್ಟೆಲ್ಲ ಮಾಡಿದರೂ ದಿನವೂ ಏನಾದರೊಂದು ಮುರಿಯುತ್ತದೆ. ಮುರಿದ ಭಾಗವನ್ನು ಎಲೆ ಕಿತ್ತು ತೆಗೆದು ಹೊಸದನ್ನು ಕೂರಿಸುತ್ತದೆ, ಮಾರನೆಯ ದಿನ ಮತ್ತೆ ಅದೇ ಕೆಲಸ.

ಮಾಮ ಕೈಯಲ್ಲಿದ್ದ ಮಣ್ಣನ್ನು ಹಾಗೇ ಹಿಡಿದು ಕೇಳಿಸಿಕೊಂಡರು. "ಬಡಿಸೋರು ಬಿಡ್ತಾ ಇಲ್ಲ, ಎದ್ದು ಹೋಗೋಕೆ ಕಾಲಿಲ್ಲ. ಪಾಪ, ಏನ್ ಮಾಡುತ್ತೆ ಅದು" ಎಂದರು. ಆ ಸಂಜೆ ಮನೆಯಲ್ಲಿ ಹೆಂಡತಿಗೆ ಇದನ್ನೆಲ್ಲ ಹೇಳಿದಾಗ ಆಕೆ, ಎಲೆಗಿರುವಷ್ಟು ಬುದ್ಧಿ ನಿಮಗಿದ್ದಿದ್ದರೆ ಮಧ್ಯಾಹ್ನ ಛತ್ರಿ ಇಲ್ಲದೆ ಬರುತ್ತಿರಲಿಲ್ಲ ಎಂದರಂತೆ.

ಹೀಗೆ ಅವರಿಬ್ಬರ ನಡುವೆ ಒಂದು ಸಲಿಗೆ ಬೆಳೆಯಿತು. ಅವಳಿಗೆ ಆ ಊರಿನಲ್ಲಿ ಬಂಧುಬಳಗ ಇರಲಿಲ್ಲ. ಮಾಮನ ಒಬ್ಬಳೇ ಮಗಳು ಮದುವೆಯಾಗಿ ದೂರ ಹೋಗಿದ್ದಳು. ರಜೆಯ ದಿನ ಮೇಡಮ್ಮ ಅವರ ಮನೆಗೆ ಹೋಗಿ ಬರುತ್ತಿದ್ದಳು. ಮಾಮನ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದಳು.

ಮೂರನೆಯ ವರ್ಷ ಅವಳು ದೊಡ್ಡ ಕೆಲಸಕ್ಕೆ ಕೈ ಹಾಕಿದಳು. ಬಣ್ಣ ಬದಲಾಯಿಸುವುದು, ಕಣ ಸರಿಸುವುದು, ಮುರಿದದ್ದನ್ನು ಸರಿಪಡಿಸುವುದು, ಎಲೆಯ ಈ ಮೂರು ಉಪಾಯಗಳಲ್ಲಿ ಒಂದೊಂದೇ ಇಲ್ಲದ ಗಿಡಗಳು ಮೊದಲೇ ಇದ್ದವು. ಅವುಗಳ ಪರಾಗ ಕೂಡಿಸುತ್ತ ಹೋಗಿ, ಮೂರೂ ಇಲ್ಲದ ಗಿಡವೊಂದನ್ನು ಪಡೆಯಬೇಕು, ಯಾವ ರಕ್ಷಣೆಯೂ ಇಲ್ಲದ ಎಲೆಯಲ್ಲಿ ಮೊದಲು ಮುರಿಯುವುದು ಯಾವುದೆಂದು ನೋಡಬೇಕು ಎಂಬುದು ಅವಳ ಆಸೆ. ಗಿಡವೆಂದರೆ ದೊಡ್ಡದೇನಲ್ಲ. ಮಣ್ಣಿಗೆ ಅಂಟಿಕೊಂಡು ಅಂಗೈಯಗಲ ಎಲೆ ಹರಡುವ, ಬಿಳಿಯ ಚುಕ್ಕೆಯಂಥ ಹೂ ಬಿಡುವ ಒಂದು ಕಳೆ.

"ಏಳುನೂರು ಸಸಿಯಲ್ಲಿ ಹನ್ನೊಂದು ಸಿಗಬೇಕು, ಲೆಕ್ಕದ ಪ್ರಕಾರ" ಎಂದಿದ್ದಳು.

"ಲೆಕ್ಕ ನಿಮಗೆ ಗೊತ್ತು. ಅದು ಗಿಡಕ್ಕೆ ಗೊತ್ತಾ?" ಎಂದಿದ್ದರು ಮಾಮ.

ಒಂದೊಂದು ಟ್ರೇಯನ್ನೂ ಕತ್ತಲ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು, ನೀಲಿ ಬೆಳಕನ್ನು ಮಿಂಚಿಸಿದರೆ, ಎಲೆ ಅದಕ್ಕೆ ಉತ್ತರವಾಗಿ ಬರಿಗಣ್ಣಿಗೆ ಕಾಣದಷ್ಟು ಮಂದವಾದ ಕೆಂಪು ಹೊಳಪು ಕೊಡುತ್ತದೆ. ಕ್ಯಾಮೆರಾಕ್ಕೆ ಅದು ಕಾಣುತ್ತದೆ. ರಕ್ಷಣೆ ಇಲ್ಲದ ಎಲೆ ಬೆಳಕು ಹೆಚ್ಚಿಸಿದಷ್ಟೂ ಹೊಳೆಯುತ್ತಲೇ ಇರುತ್ತದೆ, ತಗ್ಗುವುದಿಲ್ಲ. ಮೂರು ವಾರ ಮಾಮ ಟ್ರೇ ಹೊತ್ತು ತಂದರು, ಮೇಡಮ್ಮ ಪೆಟ್ಟಿಗೆ ಮುಂದೆ ಕೂತಳು. ಕೊನೆಯ ಟ್ರೇ ಮುಗಿದಾಗ ಸಿಕ್ಕಿದ್ದು ಸರಿಯಾಗಿ ಹನ್ನೊಂದು. ಮಾಮ ಅವನ್ನು ಗಾಜಿನ ಮನೆಯ ನಡುವಿನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಅಂದಿನಿಂದ ದಿನವೂ ಬೆಳಿಗ್ಗೆ ಅವಳ ಮೊದಲ ಪ್ರಶ್ನೆ, "ಮಾಮ, ಹನ್ನೊಂದು ಜನ ಹೇಗಿದ್ದಾರೆ?"

"ಎಲ್ಲಾರೂ ಸೌಖ್ಯ" ಎನ್ನುತ್ತಿದ್ದರು ಅವರು.

ನೆರಳಿನಲ್ಲಿ ಅವು ಉಳಿದ ಗಿಡಗಳ ಹಾಗೇ ಇದ್ದವು, ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಹೂವಾಗಿ ಕಾಯಿ ಕಟ್ಟಿ ಬೀಜ ಬಲಿಯುವವರೆಗೆ ಪೂರ್ತಿ ಬಿಸಿಲು ತಾಗಬಾರದು, ಅಷ್ಟೇ. ಬೀಜ ಕೈಗೆ ಬಂದ ಮೇಲೆ ಎಷ್ಟು ಗಿಡ ಬೇಕಾದರೂ ಬೆಳೆಸಿಕೊಳ್ಳಬಹುದು. ಹೂವು ಬಂದವು. ಸೂಜಿಯಷ್ಟು ತೆಳ್ಳಗಿನ ಕಾಯಿಗಳು ಮೇಲೆದ್ದವು. ಇನ್ನು ಮೂರು ವಾರದ ಮಾತು.

ಒಂದು ದಿನ ಕೇಂದ್ರದ ಮುಖ್ಯಸ್ಥರ ಕೋಣೆಯಲ್ಲಿ ಸಭೆ. ಹತ್ತೂವರೆಗೆ ಹೋದ ಮೇಡಮ್ಮ ಹೊರಬರುವಾಗ ಎರಡು ಗಂಟೆ. ಆಕಾಶ ತೊಳೆದಿಟ್ಟ ಹಾಗಿತ್ತು. ಕಾಲುದಾರಿಯಲ್ಲಿ ಬರುತ್ತ ತಲೆಯೆತ್ತಿದರೆ ಗಾಜಿನ ಚಾವಣಿ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಬೂದು ಬಟ್ಟೆ ಇರಲಿಲ್ಲ. ಅವಳು ಕೈಯಲ್ಲಿದ್ದ ಕಾಗದಗಳನ್ನು ಎದೆಗವಚಿಕೊಂಡು ಓಡಿದಳು.

ಉಳಿದ ಗಿಡಗಳು ಸ್ವಲ್ಪ ಸೊರಗಿದ್ದವು, ಅಷ್ಟೇ. ಹನ್ನೊಂದು ಮಾತ್ರ ಅಂಚಿನಿಂದ ಒಳಕ್ಕೆ ಬಿಳಚಿಕೊಳ್ಳುತ್ತಿದ್ದವು, ಬಿಸಿನೀರಿನಲ್ಲಿ ಅದ್ದಿ ತೆಗೆದಂತೆ ಎಲೆಗಳು ಜೋತಿದ್ದವು. ಅವಳೇ ಹಿಡಿ ತಿರುಗಿಸಿ ಪರದೆ ಮುಚ್ಚಿದಳು. ಬಾಗಿಲ ಬಳಿಯ ಪುಸ್ತಕದಲ್ಲಿ ಮಾಮನ ಬರಹವಿತ್ತು: 'ಹನ್ನೊಂದು ಗಂಟೆ. ಬೆಳಕು ಸಾಲದು. ಪರದೆ ತೆಗೆದೆ.' ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದು ಇನ್ನೊಂದು ಸಾಲಿನ ಮೇಲೆ ಹತ್ತಿದ್ದವು. ಆ ಹೊತ್ತಿಗೆ ಅವಳಿಗೆ ಅದು ಕಂಡರೂ ಕಾಣಲಿಲ್ಲ.

ಮಾಮ ಕುಂಡಗಳನ್ನಿಡುವ ಹಿಂದಿನ ಕೊಟ್ಟಿಗೆಯಲ್ಲಿ ನಲ್ಲಿಯ ಕೆಳಗೆ ಖಾಲಿ ಕುಂಡಗಳನ್ನು ತೊಳೆಯುತ್ತಿದ್ದರು.

"ಮಾಮ, ಪರದೆ ತೆಗೆದಿದ್ದು ಯಾರು?"

"ನಾನೇ. ಯಾಕೆ ಮೇಡಮ್ಮ?"

"ಯಾಕೆ ಅಂತೀರಲ್ಲ! ಬೆಂದು ಹೋಗ್ತಿವೆ ಅಲ್ಲಿ. ಎರಡು ವರ್ಷ ಮಾಮ, ಎರಡು ವರ್ಷ! ಮೇಲೆ ಒಂದ್ಸಲ ತಲೆ ಎತ್ತಿ ನೋಡೋಕಾಗ್ಲಿಲ್ವಾ? ಕಣ್ಣು ಕಾಣಲ್ವಾ ನಿಮಗೆ?"

ಸಿಟ್ಟು ಬಂದಾಗ ಯಾರಾದರೂ ಯಾರಿಗಾದರೂ ಹೇಳುವ ಮಾತು ಅದು. ದಾರಿಯಲ್ಲಿ ಡಿಕ್ಕಿ ಹೊಡೆದವನಿಗೆ, ಹಾಲು ಉಕ್ಕಿಸಿದವಳಿಗೆ. ಮಾಮ ಮಾತ್ರ ತೊಳೆಯುತ್ತಿದ್ದ ಕುಂಡವನ್ನು ಹಾಗೇ ಹಿಡಿದು ನಿಂತುಬಿಟ್ಟರು. ನೀರು ಕುಂಡ ತುಂಬಿ ಅವರ ಕಾಲ ಮೇಲೆ ಹರಿಯಿತು.

"ಮೋಡ ಮುಚ್ಚಿತ್ತಲ್ವಾ?" ಎಂದರು.

ಅವಳು ಬಾಗಿಲ ಕಡೆ ನೋಡಿದಳು. ಬಾಗಿಲಿನಿಂದ ಬಿದ್ದ ಬಿಸಿಲು ಅವರ ಪಾದದವರೆಗೂ ಹಾಸಿಕೊಂಡಿತ್ತು.

"ಮೋಡ ಇರ್ಲಿಲ್ವಾ?"

"ಇರ್ಲಿಲ್ಲ ಮಾಮ."

ಅವರು ಬಗ್ಗಿ, ಕೈಯಿಂದ ತಡಕಿ, ಕುಂಡವನ್ನು ನೆಲದ ಮೇಲಿಟ್ಟರು. "ಕಾಣಲ್ಲ ತಾಯಿ" ಎಂದರು. "ಸುಮಾರು ದಿನ ಆಯ್ತು, ಸರಿಯಾಗಿ ಕಾಣಲ್ಲ."

ಮೇಡಮ್ಮ ನಲ್ಲಿ ನಿಲ್ಲಿಸಿದಳು. ಇಬ್ಬರೂ ಬೋರಲು ಹಾಕಿದ ಕುಂಡಗಳ ಮೇಲೆ ಕೂತರು. ಮಾಮ ನಿಧಾನವಾಗಿ ಎಲ್ಲ ಹೇಳಿದರು. ಒಂದೂವರೆ ವರ್ಷದ ಹಿಂದೆ ಮೊದಲು ಅಕ್ಕಪಕ್ಕದ್ದು ಕಾಣದಾಯಿತು. ಯಾರಾದರೂ ಬದಿಯಿಂದ ಬಂದರೆ ಬೆಚ್ಚಿಬೀಳುತ್ತಿದ್ದರು. ಆಮೇಲೆ ಎಲ್ಲವೂ ಮಬ್ಬಾಗುತ್ತ ಬಂತು, ನಡುಹಗಲೂ ಸಂಜೆಯ ಹಾಗೆ. ಕಣ್ಣಿಗೆ ಪೊರೆ ಬಂದಿರಬೇಕು ಎಂದುಕೊಂಡರು. ವೈದ್ಯರ ಹತ್ತಿರ ಹೋದರೆ ಆಪರೇಷನ್ ಎನ್ನುತ್ತಾರೆ, ರಜೆ ಹಾಕಬೇಕಾಗುತ್ತದೆ, ಗಾಜಿನ ಮನೆಗೆ ಬೇರೆಯವರನ್ನು ಹಾಕಿಬಿಡುತ್ತಾರೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು, ಅದು ಮುಗಿದ ಮೇಲೆ ಮಾಡಿಸಿಕೊಂಡರಾಯಿತು ಎಂದು ತಳ್ಳುತ್ತ ಬಂದಿದ್ದರು.

"ಮತ್ತೆ ಪರದೆ? ಇಷ್ಟು ದಿನ ಒಂದು ನಿಮಿಷಾನೂ ತಪ್ಪಿಲ್ಲವಲ್ಲ?"

"ಕೈ ಇದೆಯಲ್ಲ. ಬಿಸಿಲು ಎಷ್ಟಿದೆ ಅಂತ ಕೈಗೆ ಗೊತ್ತಾಗುತ್ತೆ. ಇವತ್ತು ಬೆಳಿಗ್ಗೆ ಆ ತಂಪು ಮಾಡೋ ಫ್ಯಾನು ರಿಪೇರಿ ಮಾಡಿ ಹೋದರು ನೋಡಿ. ಒಳಗೆಲ್ಲ ತಣ್ಣಗಾಯ್ತು. ಕೈಗೆ ಬಿಸಿಯೇ ತಾಗ್ಲಿಲ್ಲ. ಮೋಡ ಅಂದ್ಕೊಂಡೆ. ಕಾಳು ಕಟ್ಟೋ ಹೊತ್ತು, ಹನ್ನೊಂದು ಜನ ಕತ್ತಲಲ್ಲಿ ಇದ್ದಾರಲ್ಲ ಅಂತ ನಾನೇ..."

ಅವಳು ತಾನು ಆಡಿದ ಮಾತನ್ನು ನುಂಗಿಕೊಳ್ಳುವ ಹಾಗಿದ್ದಿದ್ದರೆ ನುಂಗುತ್ತಿದ್ದಳು. ಅವರ ಒದ್ದೆ ಕೈಯನ್ನು ಹಿಡಿದುಕೊಂಡು ಕೂತಳು.

ಮಾರನೆಯ ದಿನದ ಹೊತ್ತಿಗೆ ಎಂಟು ಗಿಡಗಳು ಕಾಗದದಂತೆ ಬೆಳ್ಳಗಾಗಿದ್ದವು. ಮೂರರ ನಡುವಿನ ಎಳೆಯ ಎಲೆಗಳಲ್ಲಿ ಇನ್ನೂ ಹಸಿರಿತ್ತು. ಅವಳು ಅವನ್ನು ಮಂದ ಬೆಳಕಿನ ಕಪಾಟಿನಲ್ಲಿಟ್ಟು ಗಂಟೆಗೊಮ್ಮೆ ನೋಡಿದಳು. ಮಾಮ ಬೆಳಿಗ್ಗೆ ಬಂದವರೇ ಏನೂ ಕೇಳದೆ ಒಂದೊಂದರ ಎಲೆಯನ್ನೂ ಎರಡು ಬೆರಳಲ್ಲಿ ಹಿಡಿದು ನೋಡಿದರು. ಸತ್ತ ಎಲೆ ಬೆರಳಿಗೆ ಗರಿಗರಿಯಾಗಿ ಸಿಗುತ್ತದೆ. "ಇದು ಹೋಯ್ತು. ಇದೂ ಹೋಯ್ತು" ಎನ್ನುತ್ತ ಸಾಲು ಮುಗಿಸಿದರು. ಆರನೆಯ ದಿನ ಉಳಿದ ಮೂರೂ ಹೋದವು. ಕಾಯಿಗಳನ್ನು ಬಿಡಿಸಿ ನೋಡಿದಳು. ಒಳಗೆ ಬಲಿಯದ ಹೊಟ್ಟು.

ಆದದ್ದನ್ನು ವರದಿ ಮಾಡಿ ಕೊಡಬೇಕೆಂದು ಮುಖ್ಯಸ್ಥರು ಕೇಳಿದರು. ಮೇಡಮ್ಮ ಒಂದೇ ಪುಟ ಬರೆದಳು: ಪರದೆಯ ಹಗ್ಗದ ಗಂಟು ಬಿಚ್ಚಿಕೊಂಡು ಬಟ್ಟೆ ಹಿಂದಕ್ಕೆ ಸರಿಯಿತು, ಯಾರೂ ಗಮನಿಸಲಿಲ್ಲ. ಸಹಿ ಹಾಕುವ ಮೊದಲು ಮಾಮನಿಗೆ ಓದಿ ಹೇಳಿದಳು. ಕೇಳಿದರೆ ಇಬ್ಬರೂ ಒಂದೇ ಮಾತು ಹೇಳಬೇಕಲ್ಲ.

ಅವರು ತಲೆ ಅಲ್ಲಾಡಿಸಿದರು. "ಗಂಟು ಬಿಚ್ಚಿತು ಅಂತ ಬರೀಬೇಡಿ. ಅದು ನಾನು ಹಾಕಿದ ಗಂಟು."

"ಮಾಮ, ನಿಜ ಬರೆದ್ರೆ ನಿಮ್ಮನ್ನ ಇಲ್ಲಿ ಬಿಡಲ್ಲ."

"ಬಿಡದೇ ಇರೋದೇ ಸರಿ. ನಾಳೆ ಇನ್ನೊಬ್ಬರ ಗಿಡ ಕೊಲ್ಲೋದಾ? ಕಣ್ಣು ಹೋಗಿದ್ದು ನನ್ನ ತಪ್ಪಲ್ಲ ಮೇಡಮ್ಮ. ಮುಚ್ಚಿಟ್ಟಿದ್ದು ನನ್ನ ತಪ್ಪು. ಇನ್ನೂ ಮುಚ್ಚಿಡಿ ಅಂತ ನಿಮಗೆ ಹೇಳ್ಲಾ?" ಆಮೇಲೆ, "ಅದೂ ಅಲ್ಲದೆ ಆ ಗಂಟು ಆನೆ ಎಳೆದ್ರೂ ಬಿಚ್ಚಲ್ಲ. ಕುರುಡ ಅಂದ್ರೂ ಪರವಾಗಿಲ್ಲ, ಗಂಟು ಹಾಕೋಕೆ ಬರಲ್ಲ ಅಂತ ಅನ್ನಿಸ್ಕೊಳ್ಳಲ್ಲ" ಎಂದು ನಕ್ಕರು. ಅವಳು ನಗಲು ಹೋಗಿ ಮುಖ ತಿರುಗಿಸಿಕೊಂಡಳು.

ಅವರೇ ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರು ಕೆಟ್ಟವರಲ್ಲ. ಅವರೂ ಮಾಮನೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಉಳಿದ ಹದಿನಾಲ್ಕು ತಿಂಗಳು ಉಗ್ರಾಣದಲ್ಲಿ ಕೂತಿರಿ, ಏನೂ ಮಾಡಬೇಡಿ ಎಂದರು. ಏನೂ ಮಾಡದೆ ಕೂರುವುದಕ್ಕೆ ಮನೆಯಲ್ಲೇ ಕುರ್ಚಿ ಇದೆ ಎಂದರು ಮಾಮ. ವಾರ ಕಳೆಯುವುದರೊಳಗೆ ಕೆಲಸ ಬಿಡುವ ಕಾಗದಪತ್ರವೆಲ್ಲ ಮುಗಿಯಿತು.

ಕಣ್ಣಿನ ಆಸ್ಪತ್ರೆಗೆ ಮೇಡಮ್ಮನೂ ಹೋದಳು. ಉದ್ದನೆಯ ಬೆಂಚಿನ ಮೇಲೆ ಅತ್ತೆ ನಡುವೆ, ಇವರಿಬ್ಬರು ಆಚೀಚೆ. ಒಂದೊಂದು ಕೋಣೆಗೂ ಕರೆದು ಒಂದೊಂದು ಯಂತ್ರಕ್ಕೆ ಗಲ್ಲ ಊರಿಸಿದರು. ಕೊನೆಗೆ ವೈದ್ಯೆ ಮೂವರನ್ನೂ ಕೂರಿಸಿ ಹೇಳಿದಳು. ಪೊರೆ ಅಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆ. ಹೋದ ದೃಷ್ಟಿ ಮರಳಿ ಬರುವುದಿಲ್ಲ. ದಿನವೂ ಹನಿ ಬಿಟ್ಟರೆ ಉಳಿದಿರುವ ಚೂರು ಇನ್ನಷ್ಟು ದಿನ ಉಳಿಯಬಹುದು.

"ಒಂದೂವರೆ ವರ್ಷದ ಹಿಂದೆ ಬಂದಿದ್ರೆ?" ಎಂದು ಅತ್ತೆ ಕೇಳಿದರು.

ವೈದ್ಯೆ ಚೀಟಿ ಬರೆಯುತ್ತ, "ಈಗ ಅದನ್ನ ಯೋಚನೆ ಮಾಡ್ಬೇಡಿ" ಎಂದಳು. ಉತ್ತರ ಅದರಲ್ಲೇ ಇತ್ತು.

ಹೊರಗೆ ಬಂದು ಮಾಮನನ್ನು ನೆರಳಿನಲ್ಲಿ ನಿಲ್ಲಿಸಿ ಔಷಧಿ ಅಂಗಡಿಗೆ ಹೋಗುವಾಗ ಅತ್ತೆ ಹೇಳಿದರು. "ಹಗಲು ಹೊತ್ತಲ್ಲೇ ದೀಪ ಹಾಕು ಅಂತಿದ್ರಮ್ಮ. ನಾನು ಬೈತಿದ್ದೆ. ವಯಸ್ಸಾದ ಮೇಲೆ ಇಲ್ಲದ ಹಟ ಬಂದಿದೆ ಅಂತ ಮಗಳ ಹತ್ರ ಫೋನಲ್ಲಿ ಆಡ್ಕೊಂಡು ನಕ್ಕೆ. ನಲವತ್ತು ವರ್ಷ ಜೊತೆಗಿದ್ದು ನನಗೆ ತಿಳಿಲಿಲ್ಲ ನೋಡು."

"ನಾನು ಕೂಡ ದಿನಾ ನೋಡ್ತಿದ್ದೆ ಅತ್ತೆ. ನನಗೂ ತಿಳಿಲಿಲ್ಲ."

ಎಲೆಯ ಒಳಗಿನ ಕಾಣದ ಹೊಳಪನ್ನು ಅಳೆಯುತ್ತ ಕೂತಿದ್ದವಳು, ಟ್ರೇ ತಂದಿಡುವವರು ಮೇಜಿನ ಅಂಚನ್ನು ತಡಕುತ್ತಿದ್ದುದನ್ನು ನೋಡಿರಲಿಲ್ಲ. ಈ ಯೋಚನೆ ಅವಳನ್ನು ತುಂಬ ದಿನ ಬಿಡಲಿಲ್ಲ.

ಹನಿ ಬಿಡಲು ತನ್ನ ಕೈ ನಡುಗುತ್ತದೆ ಎಂದರು ಅತ್ತೆ. ಸರಿ, ಸಂಜೆ ಕೆಲಸ ಮುಗಿಸಿ ನಾನೇ ಬರುತ್ತೇನೆ ಎಂದಳು ಮೇಡಮ್ಮ. ಹನಿಹನಿಯಾಗಿ ಅಳೆದು ಬಿಡುವುದು ಅವಳ ದಿನದ ಕೆಲಸವೇ. ಒಂದೊಂದು ಕಣ್ಣಿಗೂ ಒಂದು ಹನಿ, ಆಮೇಲೆ ಮೂಗಿನ ಪಕ್ಕ ಬೆರಳೊತ್ತಿ ಎರಡು ನಿಮಿಷ ಕಣ್ಣು ಮುಚ್ಚಿರಬೇಕು. ಮಾಮ ಆ ಎರಡು ನಿಮಿಷದಲ್ಲಿ ಗಾಜಿನ ಮನೆಯ ಒಂದೊಂದೂ ಮೂಲೆಯನ್ನು ವಿಚಾರಿಸುತ್ತಿದ್ದರು. ಹೊಸಬ ಪರದೆ ಎಷ್ಟು ಹೊತ್ತಿಗೆ ಎಳೆಯುತ್ತಾನೆ, ಎಡಗಡೆಯ ಗಾಜು ಇನ್ನೂ ಸೋರುತ್ತದೆಯೇ, ಎಲ್ಲ. ಒಂದು ದಿನ ಅವಳು ತಡವಾಗಿ ಬಂದಾಗ ಬಾಗಿಲು ತೆರೆದೇ ಇತ್ತು. ಒಳಗೆ ಅತ್ತೆ ಒಂದಿಷ್ಟೂ ನಡುಗದ ಕೈಯಿಂದ ಹನಿ ಬಿಡುತ್ತಿದ್ದರು. ಅಂಗಳದವರೆಗೆ ಕಳಿಸಲು ಬಂದಾಗ ಅತ್ತೆ ತಗ್ಗಿದ ದನಿಯಲ್ಲಿ, "ಬೆಳಿಗ್ಗೆಯಿಂದ ಒಂದು ಮಾತಾಡಲ್ಲಮ್ಮ ಅವರು. ನೀನು ಬಂದ್ರೆ ಬಾಯಿ ಬಿಡ್ತಾರೆ. ಅದಕ್ಕೇ ಹಾಗೆ ಹೇಳಿದ್ದೆ" ಎಂದರು. ಮೇಡಮ್ಮ ಮಾರನೆಯ ದಿನ ಎಂದಿನ ಹೊತ್ತಿಗೇ ಬಂದಳು, ಹನಿಯ ಸೀಸೆಯನ್ನು ಎಂದಿನಂತೆ ಕೈಗೆತ್ತಿಕೊಂಡಳು.

ಈ ನಡುವೆ ಅವಳು ಗಿಡಗಳ ಕೆಲಸವನ್ನು ಮತ್ತೆ ಮೊದಲಿಂದ ಶುರುಮಾಡಿದ್ದಳು. ಪರಾಗ ಕೂಡಿಸುವುದು, ಬೀಜಕ್ಕೆ ಕಾಯುವುದು, ಮತ್ತೆ ಬಿತ್ತುವುದು. ಆದರೆ ಅವಳ ಕೆಲಸದ ಅವಧಿ ಇದ್ದದ್ದು ಇನ್ನು ಎಂಟೇ ತಿಂಗಳು. ಹೆಚ್ಚಿಸಿ ಎಂದು ಕೇಳಿದಳು, ತೋರಿಸಲು ಫಲಿತಾಂಶ ಇರಲಿಲ್ಲ, ಆಗಲಿಲ್ಲ. ಅವಳು ಹೊರಡುವ ವಾರ ಏಳುನೂರು ಸಸಿಗಳು ಎರಡೆರಡು ಎಲೆ ಬಿಟ್ಟು ನಿಂತಿದ್ದವು. ಕತ್ತಲ ಪೆಟ್ಟಿಗೆಯ ಬೀಗದ ಕೈ, ಬರೆದಿಟ್ಟ ಪುಸ್ತಕ, ಎಲ್ಲವನ್ನೂ ಹೊಸದಾಗಿ ಬಂದ ಸಂಶೋಧಕನಿಗೆ ಒಪ್ಪಿಸಿದಳು.

ಕೊನೆಯ ಸಂಜೆ ಹನಿ ಬಿಟ್ಟ ಮೇಲೆ ಮಾಮ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಅವತ್ತು ಕೊಟ್ಟಿಗೆಯಲ್ಲಿ ಅಂದ ಮಾತು ಇನ್ನೂ ಮನಸ್ಸಲ್ಲಿ ಇಟ್ಕೊಂಡಿದೀರಾ?"

ಅವಳು ಹನಿಯ ಸೀಸೆಯ ಮುಚ್ಚಳ ತಿರುಗಿಸುತ್ತ ಕೂತಳು.

"ಒಂದೂವರೆ ವರ್ಷದಲ್ಲಿ ಒಬ್ಬರೂ ಕೇಳಿರ್ಲಿಲ್ಲ ತಾಯಿ, ಕಣ್ಣು ಕಾಣಲ್ವಾ ಅಂತ. ಕೇಳಿದ್ರಿ, ಹೇಳಿದೆ. ಹೇಳಿ ಹಗುರ ಆಯ್ತು. ನೀವು ಅದನ್ನ ಹೊತ್ಕೊಂಡು ಹೋಗ್ಬೇಡಿ."

ಎರಡು ನಿಮಿಷ ಮುಗಿದಿತ್ತು. ಅವಳು ಹೇಳಲಿಲ್ಲ, ಅವರೂ ಕಣ್ಣು ತೆರೆಯಲಿಲ್ಲ. ಅತ್ತೆ ಒಳಗಿಂದ ಬಂದು ಇಬ್ಬರನ್ನೂ ನೋಡಿ ಹಾಗೇ ಹಿಂದಕ್ಕೆ ಹೋದರು.

ಹೊಸ ಊರಿಗೆ ಹೋದ ನಾಲ್ಕನೆಯ ತಿಂಗಳು ಅವಳಿಗೆ ಆ ಸಂಶೋಧಕನ ಕಾಗದ ಬಂತು. ಏಳುನೂರರಲ್ಲಿ ಒಂಬತ್ತು ಸಿಕ್ಕಿವೆ, ಒಂಬತ್ತೂ ಬೀಜ ಕಟ್ಟಿವೆ, ಬೀಜ ಬಲಿತಿದೆ. ಅವಳು ಆಗಲೇ ಮಾಮನ ಮನೆಗೆ ಫೋನ್ ಮಾಡಿದಳು. ಅಷ್ಟರಲ್ಲಿ ಅವರಿಗೆ ಕಿಟಕಿ ಯಾವುದು ಗೋಡೆ ಯಾವುದು ಎಂದೂ ತಿಳಿಯದಾಗಿತ್ತು. ಸುದ್ದಿ ಹೇಳಿದಳು. ಕಾಯಿ ಎಷ್ಟು ಉದ್ದ ಬಂದಿದೆಯಂತೆ ಎಂದು ಕೇಳಿದರು. ಹೇಳಿದಳು. "ಸರಿ" ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ದನಿ ಕೇಳಿಸಿತು. "ಏನಂದೆಯಮ್ಮ ಅವರಿಗೆ? ಗೋಡೆ ಹಿಡ್ಕೊಂಡು ಹಿತ್ತಿಲಿಗೆ ಹೋದ್ರು. ಅಲ್ಲಿ ನಿಂತು ಅಳ್ತಿದ್ದಾರೆ."

"ಒಳ್ಳೆ ಸುದ್ದಿನೇ ಹೇಳಿದ್ದು, ಅತ್ತೆ."

"ಅಳ್ಲಿ ಬಿಡು" ಎಂದರು ಅತ್ತೆ. "ಆವತ್ತಿಂದ ಒಂದ್ಸಲಾನೂ ಅತ್ತಿರ್ಲಿಲ್ಲ."